ಮರದ ಮೇಲಿನ ನಾಲ್ಕು

ಜೆಫೆರಿನೊ, ನೀನು ಹೇಳಿದ್ದು ಸುಳ್ಳಲ್ಲ.
ನೀನು ಮರದ ಆಚೆ ಬದಿಗಿದ್ದೆ, ನಾನು ಈಚೆ,
ನಡುವೆ ಇಬ್ಬರು ತಬ್ಬಿದರೂ ಕೈ ಕೂಡದ ಕಾಂಡ.
"ಬಿದ್ದ ಸದ್ದು ಕೇಳಿತು, ಬಿದ್ದದ್ದು ಕಾಣಲಿಲ್ಲ" ಅಂದೆ.
ಗುಮಾಸ್ತೆ ಬರೆದುಕೊಂಡಳು. ಫ್ಯಾನು ತಿರುಗಿತು.
ಎವೊರಾದ ಆ ಕೋಣೆಯಲ್ಲಿ
ನನ್ನ ಕುರ್ಚಿಗೆ ಮಾತ್ರ ಚಕ್ರ.

ಎಂಥ ಸದ್ದು ಅಂತ ಯಾರೂ ಕೇಳಲಿಲ್ಲ.
ಸದ್ದು ಕೇಳಿಯೇ ತಾನೆ ನಾವು ಬದುಕಿದ್ದು?
ಜೂನಿನಲ್ಲಿ ರಸ ಏರಿದ ಕಾರ್ಕ್ ಮರಕ್ಕೆ ಕೊಡಲಿ ಬಿದ್ದರೆ
ಟೊಳ್ಳಾಗಿ ಅನ್ನುತ್ತದೆ: ಬಾ, ತೊಗಟೆ ಬಿಟ್ಟುಕೊಡುತ್ತೇನೆ.
ಗಟ್ಟಿ ಸದ್ದಾದರೆ ಕೈ ತೆಗೆಯಬೇಕು,
ಮರಕ್ಕಿನ್ನೂ ಮನಸ್ಸಿಲ್ಲ.
ವಿಮೆಯ ಡಾಕ್ಟರು ಪುಟ್ಟ ಸುತ್ತಿಗೆಯಿಂದ ಮಂಡಿ ಬಡಿದಾಗ
ಅದೇ ಅಭ್ಯಾಸದಲ್ಲಿ ಕಿವಿಗೊಟ್ಟೆ.
ಕಾಲು ಚಂಗನೆ ಚಿಮ್ಮಿತು.
ಚಿಮ್ಮಿದ್ದು ನನಗೆ ತಿಳಿದದ್ದು ಕಣ್ಣಿಂದ.

ಆಮೇಲೆ ಗುಂಡುಸೂಜಿ. ಇಲ್ಲಿ? ಇಲ್ಲ. ಇಲ್ಲಿ? ಇಲ್ಲ.
ಹೊಕ್ಕುಳಿಂದ ನಾಲ್ಕು ಬೆರಳು ಕೆಳಗೊಂದು ಗಡಿ.
ಅಲ್ಲಿಂದಾಚೆ ಬೇರೆ ಯಾರದೋ ಜಮೀನು,
ಕಂದಾಯ ಮಾತ್ರ ನಾನು ಕಟ್ಟುತ್ತೇನೆ.

ಅವರ ಬಳಿ ಒಂದು ಕೋಷ್ಟಕವಿದೆ, ಗೊತ್ತಾ?
ಕಾಲಿಗೆ ಇಷ್ಟು, ಮೂತ್ರಕೋಶಕ್ಕೆ ಇಷ್ಟು,
ಗಂಡಸುತನಕ್ಕೆ, ವಯಸ್ಸು ನೋಡಿಕೊಂಡು, ಇಷ್ಟು.
ನಲವತ್ತೊಂದು ಅಂದೆ.
ನ್ಯಾಯಾಧೀಶೆ ಕನ್ನಡಕ ತೆಗೆದು ಒರೆಸಿದರು.
ಕೂಡಿದರೆ ನೂರು ದಾಟುತ್ತದೆಂದು ಅಲ್ಲಲ್ಲಿ ಕಡಿತ.
ಶಾಲೆಯಲ್ಲಿ ನಾನೆಂದೂ ಅಷ್ಟು ಅಂಕ ತೆಗೆದವನಲ್ಲ.

ಚಳಿಗಾಲಕ್ಕೆ ಮೇಜಿನಡಿ ಕೆಂಡದ ಬಟ್ಟಲು ಇಡುತ್ತೇವಲ್ಲ,
ಒಂದು ಸಂಜೆ ಸುಟ್ಟ ವಾಸನೆ.
"ಲುದೊವಿನಾ, ಒಲೆ ನೋಡೇ" ಅಂದೆ.
ಒಲೆಯಲ್ಲ, ನನ್ನ ಪಾದ.
ಅದು ಕೋಷ್ಟಕದಲ್ಲಿಲ್ಲ.
ಅಜ್ಜಿ ಮದುವೆಗೆ ಕೊಟ್ಟ ಕೈಗನ್ನಡಿಯಲ್ಲಿ
ಅವಳೀಗ ರಾತ್ರಿ ರಾತ್ರಿ ನನ್ನ ಕುಂಡೆಯ ಮೇಲೆ
ಕೆಂಪು ಕಲೆ ಹುಡುಕುತ್ತಾಳೆ, ಅದೂ ಇಲ್ಲ.
ನಾಲ್ಕು ಗಂಟೆಗೊಮ್ಮೆ ಕೊಳವೆ.
ಕಾಲಿಗೆ ಬುದ್ಧಿ ಹೇಳು ಅನ್ನುತ್ತಾರೆ,
ಹಗಲಿಡೀ ಹೇಳುತ್ತೇನೆ, ಕೇಳವು.
ರಾತ್ರಿ ಎರಡಕ್ಕೆ ತಾವಾಗಿಯೇ ನಡುಗಿ, ಹೊದಿಕೆ ಒದ್ದು,
ನನ್ನನ್ನು ಬಿಟ್ಟು ಓಡುತ್ತವೆ.

ಏಣಿ ನನ್ನದೇ ಅಂದ ಧಣಿಯ ವಕೀಲ.
ಊಟಕ್ಕೆ ವೈನ್ ಕುಡಿದಿದ್ದಿರಾ ಅಂತ ಕೇಳಿದ.
ಕುಡಿದಿದ್ದೆ. ನೀನೂ ಕುಡಿದಿದ್ದೆ. ಧಣಿ ಕಳಿಸಿದ ಸೀಸೆ,
ಅದರ ಬಿರಡೆಯೂ ನಾವು ಸುಲಿದ ಮರದ್ದೇ ಇರಬೇಕು.
ಮೂರನೇ ಮೆಟ್ಟಿಲು ಸಡಿಲ ಅಂತ ಬೆಳಿಗ್ಗೆಯೇ
ಮೇಸ್ತ್ರಿಗೆ ಹೇಳಿದ್ದೆ. ನೀನು ಪಕ್ಕದಲ್ಲಿ
ಕೊಡಲಿ ಮಸೆಯುತ್ತಿದ್ದೆ.
ಅದನ್ನು ಯಾರೂ ನಿನ್ನ ಕೇಳಲಿಲ್ಲ.
ನೀನೂ ಹೇಳಲಿಲ್ಲ.
ನಿನ್ನ ಇಬ್ಬರೂ ಆಗಿನ್ನೂ ಶಾಲೆಗೆ ಹೋಗುತ್ತಿದ್ದರು, ಗೊತ್ತು.

ಎಂಟನೇ ವರ್ಷ ವಕೀಲೆ ಫೋನಿನಲ್ಲಿ "ಗೆದ್ದೆವು" ಅಂದರು.
ಬಾಗಿಲು ಎರಡು ಗೇಣು ಅಗಲವಾಯಿತು.
ಬಚ್ಚಲಿಗೆ ಕಂಬಿ ಬಂತು. ಅತ್ತಿಗೆಯ ಸಾಲ ತೀರಿತು.
ಕಾಗದದಲ್ಲಿ ಪರಿಹಾರ ಅಂತ ಬರೆದಿದೆ,
ಏನು ಪರಿಹಾರವಾಯಿತು ಅಂತ ಬರೆದಿಲ್ಲ.
ಆದರೂ ತಿಂಗಳ ಮೊದಲ ದಿನ ಅಂಚೆಯವನ ದಾರಿ ಕಾಯುತ್ತೇನೆ,
ನಾಚಿಕೆಯಿಲ್ಲ.

ನನ್ನನ್ನು ಹೊತ್ತೊಯ್ದ ಮೇಲೆ
ಉಳಿದರ್ಧ ಸುಲಿದದ್ದು ನೀನಂತೆ.
ಬೆತ್ತಲೆ ಕಾಂಡಕ್ಕೆ ಆ ವರ್ಷದ ಕೊನೆಯ ಅಂಕಿ
ಬಿಳಿ ಬಣ್ಣದಲ್ಲಿ ಬಳಿದದ್ದೂ ನೀನೇ: ನಾಲ್ಕು.
ಒಂಬತ್ತು ವರ್ಷ ಮುಟ್ಟಬಾರದು ಅಂತ ಲೆಕ್ಕ.
ಎರಡು ಬೆರಳ ದಪ್ಪ ಬೆಳೆದಿದೆಯಂತೆ ಮತ್ತೆ.
ಮರಕ್ಕೆ ಅದು ಗೊತ್ತು, ನನ್ನ ಬೆನ್ನಿಗೆ ಗೊತ್ತಿಲ್ಲ.

ಭಾನುವಾರ ಬರುತ್ತೀಯ, ಚಕ್ರಕ್ಕೆ ಎಣ್ಣೆ ಬಿಡುತ್ತೀಯ,
ಹೋದ ವಾರವಷ್ಟೇ ಬಿಟ್ಟ ಚಕ್ರಕ್ಕೆ.
ನಾನು ಬೇಡ ಅನ್ನುವುದಿಲ್ಲ.
ಮುಂದಿನ ಜೂನಿಗೆ ನನ್ನನ್ನು ಅಲ್ಲಿಗೆ ತಳ್ಳಿಕೊಂಡು ಹೋಗು.
ಈಚೆ ಬದಿಗೆ ನಿಲ್ಲಿಸು.
ನೀನು ಆಚೆಯಿಂದ ಹೊಡೆ.
ಬಿಡುತ್ತದೋ ಇಲ್ಲವೋ
ಸದ್ದು ಕೇಳಿ ನಾನು ಹೇಳುತ್ತೇನೆ.