ಮೂರು ಗಂಟೆ

ಕೆಂಪು ಹಲಗೆ, ಬಿಳಿ ಅಕ್ಷರ:
ಚಾಲಕರೊಡನೆ ಮಾತಾಡಕೂಡದು.
ಹಾಗಾಗಿ ರಾತ್ರಿ ಪಾಳಿಯಲ್ಲಿ ನನ್ನೊಡನೆ ಮಾತಾಡುವುದು
ಗಂಟೆಯೊಂದೇ.
ನಿಂತಿದ್ದಾಗ ಒಂದು ಹೊಡೆದರೆ, ಎತ್ತು.
ಓಡುವಾಗ ಒಂದು, ನಿಲ್ಲಿಸು.
ಎರಡಕ್ಕೆ ಇಳಿಸು.
ಮೂರು ಹೊಡೆದರೆ
ಪಂಜರದಲ್ಲಿರುವುದು ಅದಿರಲ್ಲ, ಮನುಷ್ಯರು;
ಆಗ ಬ್ರೇಕಿನ ಮೇಲಿನ ನನ್ನ ಎಡಗೈ
ಬೇರೆ ಯಾರದೋ ಕೈಯಾಗುತ್ತದೆ.

ಹನ್ನೊಂದು ವರ್ಷ. ಒಬ್ಬನ ಮುಖವನ್ನೂ
ಈ ಕುರ್ಚಿಯಿಂದ ಕಂಡಿಲ್ಲ.
ಎದುರಿಗೆ ಆಳ ತೋರಿಸುವ ಮುಳ್ಳು,
ಡ್ರಮ್ಮಿನ ಮೇಲೊಂದು ಸುಣ್ಣದ ಗೆರೆ,
ಸುತ್ತಿಕೊಳ್ಳುವ, ಬಿಚ್ಚಿಕೊಳ್ಳುವ ಹಗ್ಗ.
ಪಂಜರ ಭರ್ತಿಯೋ ಅರ್ಧವೋ
ಮೋಟಾರಿನ ಏದುಸಿರು ಹೇಳುತ್ತದೆ.
ಸಂತೆಯಲ್ಲಿ ಕಪೆಂಟಾ ಮೀನು ಅಳೆಸಿಕೊಳ್ಳುವಾಗ
ಯಾವನೋ, "ಬಾಮಾಯೋ, ನಿನ್ನೆ ಮೆತ್ತಗೆ ಇಳಿಸಿದಿರಿ" ಅಂದರೆ
ತಿರುಗಿ ನೋಡುತ್ತೇನೆ:
ಎಪ್ಪತ್ತು ಕೆಜಿ ಇರಬಹುದು, ಬೂಟು ಸೇರಿ.

ಹಗ್ಗದ ಮುದುಕ ಚಿಶಿಂಬ ನಡುರಾತ್ರಿ ಕಳೆದು ಬರುತ್ತಾನೆ.
ಆಗ ನಾನು ಬಸವನಹುಳುವಿನಂತೆ ಹಗ್ಗ ಬಿಡಬೇಕು.
ಹತ್ತಿಯ ಚಿಂದಿ ಹಿಡಿದ ಅಂಗೈಯೊಳಗಿಂದ
ಒಂಬೈನೂರು ಮೀಟರನ್ನೂ ಹಾಯಿಸಿಕೊಳ್ಳುತ್ತಾನೆ.
ಮುರಿದ ತಂತಿಯಿದ್ದರೆ ಹತ್ತಿಯನ್ನು ಕಚ್ಚುತ್ತದೆ.
ಕಣ್ಣು ಮುಚ್ಚಿರುತ್ತಾನೆ.
ಮೊದಮೊದಲು ನಿದ್ದೆ ಅಂದುಕೊಂಡಿದ್ದೆ.

ಬಾವಿಗಿಳಿಸಿ ಹಗ್ಗ ಕೊಯ್ದರು ಅನ್ನುತ್ತಾರಲ್ಲ,
ಇಲ್ಲಿ ನಿಯಮವೇ ಹಾಗಿದೆ: ಕೊಯ್ಯಬೇಕು,
ಆರು ತಿಂಗಳಿಗೊಮ್ಮೆ, ಇಳಿಸುವ ಮೊದಲು,
ಪಂಜರದ ಕಡೆಯ ತುದಿಯಿಂದ ಎರಡು ಮಾರು.
ಕಿಟ್ವೆಯ ಪ್ರಯೋಗಶಾಲೆಯಲ್ಲಿ
ಹರಿಯುವ ತನಕ ಅದನ್ನು ಎಳೆಯುತ್ತಾರೆ.
ಸತ್ತ ತುಂಡಿನ ಅಂಕಿಯನ್ನು
ಬದುಕಿರುವ ಹಗ್ಗದ ಪುಟದಲ್ಲಿ ಅಂಟಿಸುತ್ತೇವೆ.

ಕಳೆದ ತಿಂಗಳು ಒಂದು ಮಂಗಳವಾರ,
ನಾನೂರ ಹನ್ನೆರಡನೆಯ ಮೀಟರಿನಲ್ಲಿ
ಚಿಶಿಂಬ ಕೈ ಎತ್ತಿದ.
ಒಂದು ಗೇಣಿನೊಳಗೆ ಏಳು ಎಳೆ.
ಕೆಳಗೆ, ಬೇಗ ಕೆಲಸ ಮುಗಿಸಿದ ಸಿಡಿಮದ್ದಿನ ತಂಡ, ಮೂವತ್ತೊಂದು ಜನ.
"ಹತ್ತು ಪಟ್ಟು ಭಾರಕ್ಕೆ ಹೆಣೆದ ಹಗ್ಗ,
ಒಂಬತ್ತು ಪಟ್ಟಾದರೂ ಇನ್ನೂ ಇದೆಯಲ್ಲ"
ಅಂದ ಪಾಳಿಯ ಮೇಲಾಳು ಕಾಪೆಂಬ್ವ,
ನನ್ನ ಬೆನ್ನ ಹಿಂದೆ ನಿಂತು, ಹಲಗೆ ಮರೆತು.
ಲೆಕ್ಕ ತಪ್ಪಿರಲಿಲ್ಲ.
ಆಗಲೇ ಬಂತು ಕೆಳಗಿನಿಂದ
ಮೂರು ಗಂಟೆ.
ಗೋಡೆಯ ಗಡಿಯಾರದಲ್ಲೂ ಮೂರು ಗಂಟೆ.
ನಗು ಬಂತು, ನಗಲಿಲ್ಲ.
ಕೀಲಿ ಎಳೆದು ಜೇಬಿಗೆ ಹಾಕಿ
ಎರಡೂ ಕೈ ತೊಡೆಯಡಿ ಇಟ್ಟು ಕೂತೆ,
ಜೂನ್ ತಿಂಗಳ ಚಳಿಗೆ ಕೂರುವ ಹಾಗೆ.
ಮತ್ತೆ ಮೂರು ಹೊಡೆದರು.
ಸ್ವಲ್ಪ ತಡೆದು, ಮತ್ತೆ.

ಪಕ್ಕದ ಶಾಫ್ಟಿನ ತನಕ ಬಿಸಿ ಸುರಂಗದಲ್ಲಿ ನಡೆದು
ಬಿಸಿಲೇರಿದ ಮೇಲೆ ಹೊರಬಂದರು.
ಬೋನಸ್ಸು ಹೋಯಿತು. ನನ್ನ ಹೆಸರು ಹಿಡಿದು ಬೈದರು.
ಏನೂ ಆಗಲಿಲ್ಲ; ಆಗದ್ದನ್ನು
ಯಾರಿಗೆ ತೋರಿಸಲಿ?

ಹಗ್ಗ ಬಿಚ್ಚಿ ಗುಜರಿಗೆ ಹಾಕುವಾಗ
ಒಂದು ಎಳೆ ಕೇಳಿ ತಂದೆ.
ಹಿತ್ತಲಿನ ಎರಡು ಮಾವಿಗೆ ಕಟ್ಟಿದ್ದೇನೆ.
ಮೂರು ಚಿತೆಂಗೆ, ಮಗಳ ಸ್ಕೂಲ್ ಅಂಗಿ, ನನ್ನ ಮೇಲಂಗಿ:
ಇಷ್ಟಕ್ಕೆ ನೂರು ವರ್ಷವೂ ಹರಿಯದು.
ನಿನ್ನೆ ಬಟ್ಟೆ ಹರವುತ್ತಾ
ಒದ್ದೆ ಚಿತೆಂಗೆಯನ್ನು ತಂತಿಯುದ್ದಕ್ಕೂ ಎಳೆದೆ,
ಕಣ್ಣು ಮುಚ್ಚಿ.
ನಡುವೆ ಒಂದು ಕಡೆ
ಕಚ್ಚಿ ಹಿಡಿಯಿತು.