ಬೀಗದಕೈ ಒಪ್ಪಿಸುವ ದಿನ

ಬಾ ಆನ್ಸನ್, ತಲೆ ಜೋಪಾನ, ಪೈಪು ತಗ್ಗಿನಲ್ಲಿದೆ.
ಹತ್ತೊಂಬತ್ತು ವರ್ಷದಲ್ಲಿ ನನ್ನ ಹಣೆಗೂ ಅದಕ್ಕೂ
ಒಳ್ಳೆಯ ಪರಿಚಯ.
ಡುಲೂತ್ ಪೊಲೀಸರ ನೆಲಮಾಳಿಗೆ ಇದು. ಕಿಟಕಿಯಿಲ್ಲ.
ಸರೋವರ ಎಷ್ಟು ಹತ್ತಿರವೆಂದರೆ
ಅದಿರಿನ ಹಡಗು ಸೇತುವೆಯಡಿ ನುಸುಳುತ್ತ ಕೊಂಬು ಊದಿದರೆ
ಕಪಾಟಿನ ಸೀಸೆಗಳೆಲ್ಲ ಒಮ್ಮೆ
ಹಲ್ಲು ಕಟಕಟಿಸುತ್ತವೆ.

ಮೊದಲು ಕೈಗವಸು. ಆಮೇಲೆ ಮಾತು.

ರಕ್ತ ಹತ್ತಿದ್ದನ್ನು ಕಾಗದದ ಚೀಲಕ್ಕೇ ಹಾಕು.
ಪ್ಲಾಸ್ಟಿಕ್ಕಿನಲ್ಲಿ ಉಸಿರು ಕಟ್ಟಿ ಬೂಷ್ಟು ಹಿಡಿಯುತ್ತದೆ,
ಬೂಷ್ಟು ಸಾಕ್ಷಿ ಹೇಳುವುದಿಲ್ಲ.
ಒದ್ದೆ ಕೋಟು ಬಂದರೆ ಆ ಗಾಜಿನ ಪೆಟ್ಟಿಗೆಯಲ್ಲಿ ನೇತುಹಾಕು,
ಒಣಗುವ ತನಕ ಅವಸರ ಬೇಡ,
ತೊಟ್ಟವನಿಗೂ ಈಗ ಅವಸರವಿಲ್ಲ.
ಬಂದೂಕಾದರೆ, ತಂದವನ ಮುಂದೆಯೇ ಅದರ ಗಂಟಲು ನೋಡು,
ಖಾಲಿ ಎಂದು ಇಬ್ಬರೂ ಬಾಯಿಬಿಟ್ಟು ಹೇಳಿ.
ನೋಟನ್ನು ಒಬ್ಬನೇ ಎಣಿಸಬೇಡ,
ಹತ್ತು ಡಾಲರಾದರೂ ಇನ್ನೊಂದು ಜೊತೆ ಕಣ್ಣು ಬೇಕು.
ಕೆಂಪು ಟೇಪು ಅಂಟಿಸಿದ ಮೇಲೆ
ಅರ್ಧ ಟೇಪಿಗೆ ಅರ್ಧ ಚೀಲಕ್ಕೆ ಬರುವಂತೆ ನಿನ್ನ ಸಹಿ.
ಯಾರಾದರೂ ಬಿಚ್ಚಿದರೆ
ನಿನ್ನ ಹೆಸರೇ ಎರಡು ಹೋಳು.

ಅದು ಗಾಂಜಾ ಕೋಣೆ. ಫ್ಯಾನು ಇದೆ, ಹೆಸರಿಗೆ.
ಭಾನುವಾರ ಚರ್ಚಿನಲ್ಲಿ ನನ್ನ ಬೆಂಚು
ಯಾವಾಗಲೂ ಖಾಲಿ ಇರುತ್ತಿತ್ತು.

ಇವು ಸೈಕಲ್ಲು, ವರ್ಷಕ್ಕೊಮ್ಮೆ ಹರಾಜು.
ಮಕ್ಕಳ ಸೈಕಲ್ಲಿಗೆ ಯಾರೂ ಹುಡುಕಿಕೊಂಡು ಬರುವುದಿಲ್ಲ,
ಕಾಗದಪತ್ರ ಮುಗಿಯುವಷ್ಟರಲ್ಲಿ ಮಗುವಿನ ಕಾಲು ಉದ್ದವಾಗಿರುತ್ತದೆ.
ಮಂಜುಗಡ್ಡೆ ಕೊರೆಯುವ ಯಂತ್ರ ನಾಲ್ಕು. ಕಟ್ಟಿಸಿದ ಹಲ್ಲು, ಮೇಲಿನ ಸಾಲು ಮಾತ್ರ.
ಟ್ಯೂಬಾ ಒಂದು, ಶಾಲೆಯಿಂದ ಕದ್ದದ್ದು. ಯಾಕೆ ಕದ್ದರೋ,
ಅದಕ್ಕೆ ನಮ್ಮಲ್ಲಿ ಕಾಲಂ ಇಲ್ಲ.

ಈಗ ಇಲ್ಲಿ ಬಾ. ಹದಿನಾಲ್ಕನೆಯ ಸಾಲು, ಮೂರನೆಯ ಹಲಗೆ.
ಈ ಕಂದು ಲಕೋಟೆಯಲ್ಲಿ
ವೆಂಡೆಲ್ ಸೊರ್ಲಿ ಎಂಬವನ ಕೈಗಡಿಯಾರ.
ಕಾಗದದ ಗಿರಣಿಯಲ್ಲಿ ರಾತ್ರಿಪಾಳಿ ಅವನದು.
ಎರಡು ಸಾವಿರದ ಎಂಟರ ನವೆಂಬರಿನಲ್ಲಿ ಸಿಕ್ಕಿದ, ಬಂದರಿನ ಕಲ್ಲುಗಳ ನಡುವೆ.
ಕೊಂದವರು ಇನ್ನೂ ಸಿಕ್ಕಿಲ್ಲ.
ಅಗ್ಗದ ಗಡಿಯಾರ. ನೀರಿಗೂ ಜಗ್ಗಿರಲಿಲ್ಲ.
ಸಂಜೆ ನಾಲ್ಕು ನಲವತ್ತಕ್ಕೆ, ಎದ್ದೇಳು ಪಾಳಿಗೆ ಹೊತ್ತಾಯಿತು ಎಂದು
ಲಕೋಟೆಯೊಳಗಿಂದ ಇಪ್ಪತ್ತು ಸಲ ಕೂಗುತ್ತಿತ್ತು.
ಬಿಚ್ಚಿ ಸುಮ್ಮನಾಗಿಸುವಂತಿಲ್ಲ.
ನಾಳೆ ಕೋರ್ಟಿನಲ್ಲಿ ವಕೀಲ ಕೇಳುತ್ತಾನೆ,
ಯಾಕಮ್ಮ ಟೇಪು ಹರಿದೆ?
ಅದು ಕೂಗಿತು ಎನ್ನಲೇ?

ಬೇಸಿಗೆಯಲ್ಲಿ ಊರೆಲ್ಲ ಗಡಿಯಾರವನ್ನು ಒಂದು ತಾಸು ಮುಂದೆ ತಿರುಗಿಸುವಾಗ
ಅದನ್ನು ತಿರುಗಿಸುವವರಿರಲಿಲ್ಲ.
ಹಳೆಯ ಹೊತ್ತನ್ನೇ ಹಿಡಿದುಕೊಂಡು
ಐದು ನಲವತ್ತಕ್ಕೆ ಕೂಗುತ್ತಿತ್ತು.
ನನ್ನ ಕೆಲಸ ಐದಕ್ಕೇ ಮುಗಿಯುತ್ತದೆ.
ಬೇಸಿಗೆಯಲ್ಲೇ ಯಾಕೆ ತಡ ಎಂದು
ಗಂಡ ಒಂದು ದಿನವೂ ಕೇಳಲಿಲ್ಲ.

ಹನ್ನೊಂದನೆಯ ವರ್ಷ, ಒಂದು ಮಂಗಳವಾರ, ಕೂಗಲಿಲ್ಲ.
ಕಿವಿಯಿಟ್ಟು ಕಾದೆ. ರಿಜಿಸ್ಟರ್ ತೆರೆದೆ.
ಯಾರಿಂದ, ಯಾರಿಗೆ, ತಾರೀಖು, ಹೊತ್ತು.
ಹಲಗೆ ಬಿಟ್ಟು ಕದಲದ ವಸ್ತು, ಯಾರೂ ಒಯ್ಯಲಿಲ್ಲ.
ಪೆನ್ನಿನ ಮುಚ್ಚಳ ಹಾಕಿ ಮನೆಗೆ ಹೋದೆ.

ಇನ್ನೊಂದಿದೆ. ಏಪ್ರಿಲಿನಲ್ಲಿ
ಸರೋವರದ ಹಿಮ ಒಡೆಯುವ ವಾರ ಅವನ ತಂಗಿ ಬರುತ್ತಾಳೆ, ಮರೀನ್.
ಕೊಡುವಂತಿಲ್ಲ ಎನ್ನುತ್ತೇನೆ. ಗೊತ್ತು ಎನ್ನುತ್ತಾಳೆ.
ಹೊರಡುವಾಗ ಒಂದೇ ಪ್ರಶ್ನೆ,
ಇನ್ನೂ ಕೂಗುತ್ತಿದೆಯಾ?

ಒಂದು ಗುಂಡಿಯ ಲೆಕ್ಕವನ್ನೂ ತಪ್ಪು ಬರೆಯದ ಕೈ ಇದು.
ಹೂಂ ಎಂದೆ ಆ ವರ್ಷ.
ಮರುವರ್ಷವೂ.
ಕೌಂಟರಿನ ಮೇಲೆ ಇಬ್ಬರೂ ಒಂದು ಗಳಿಗೆ ಕೈಯೂರಿ ನಿಂತಿದ್ದೆವು.

ಮುಂದಿನ ಏಪ್ರಿಲಿಗೆ ಇಲ್ಲಿ ನೀನಿರುತ್ತೀ.
ಏನು ಹೇಳುತ್ತೀಯೋ, ನಾನು ಕೇಳುವುದಿಲ್ಲ.

ತಗೋ, ಬೀಗದಕೈ ಏಳು. ನನ್ನೆದುರು ಎಣಿಸು.
ಇಲ್ಲಿ ಸಹಿ ಹಾಕು.
ಹೊತ್ತು ಬರೆಯುವುದನ್ನು ಮರೆತೆ ನೋಡು.