ಮೂರು ಪದ

"ಆಜಿ, ಮೂರು ಪದ ಕೊಡುತ್ತೇನೆ, ಜೋಪಾನ.
ಆಮೇಲೆ ಕೇಳುತ್ತೇನೆ," ಎಂದರು ಡಾಕ್ಟರ್ ತಾಂಬೆ.
ಕೇಳಂ. ಘಡ್ಯಾಳ. ಪೂಲ್.

ಮುಲುಂಡಿನ ದವಾಖಾನೆ. ಹೊರಗೆ ರಿಕ್ಷಾಗಳ ಜಗಳ.
ನನಗೆ ನಗು. ಮೂರೇ?
ಮೂವತ್ತೊಂದು ವರ್ಷ ಎಕ್ಸ್‌ಚೇಂಜಿನಲ್ಲಿ
ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತವಳು ನಾನು;
ಕೆಮ್ಮು ಕೇಳಿಯೇ ನಂಬರು ಹೇಳುತ್ತಿದ್ದೆ:
ಭುಲೇಶ್ವರದ ಜರಿ ವ್ಯಾಪಾರಿ,
ಹೆರಿಗೆ ಸುದ್ದಿಗೆ ಟ್ರಂಕ್ ಕಾಲ್ ಕಾಯುತ್ತಿದ್ದ
ಪರೇಲಿನ ಮಿಲ್ಲಿನ ಜಾಬರ್.

"ನೂರರಿಂದ ಏಳೇಳು ಕಳೆಯುತ್ತ ಹೋಗಿ."
ಮರಾಠಿಯಲ್ಲಿ ಬಂದ ಲೆಕ್ಕ
ಹೊಸಿಲು ದಾಟುತ್ತಲೇ ಕನ್ನಡವಾಯಿತು.
ಐವತ್ತು ವರ್ಷ ಈ ಊರಲ್ಲಿ. ಜಗಳ ಹಿಂದಿಯಲ್ಲಿ,
ಮೆಂತ್ಯದ ಚೌಕಾಸಿ ಮರಾಠಿಯಲ್ಲಿ,
ಕೂಡುವುದು ಕಳೆಯುವುದು ಮಾತ್ರ
ಗೋಕಾಕದ ಶಾಲೆಯ ಮಗ್ಗಿಯ ರಾಗದಲ್ಲೇ.
ತೊಂಬತ್ತಮೂರು, ಎಂಬತ್ತಾರು,
ಎಪ್ಪತ್ತೊಂಬತ್ತು, ಎಪ್ಪತ್ತೆರಡು...
ಅಲ್ಲಿ ನಿಂತೆ. ಅದು ನನ್ನದೇ ವಯಸ್ಸು.
ಅದರಿಂದಲೂ ಕಳೆಯಲು ಮನಸ್ಸಾಗಲಿಲ್ಲ.
ಡಾಕ್ಟರು ಏನೋ ಬರೆದುಕೊಂಡರು.

ಪಕ್ಕದ ಬೋರ್ಡಿನ ಫಿಲೊಮಿನಾ ಹೇಳುತ್ತಿದ್ದಳು:
ನೆನಪಿಗೂ ಕೂರಲು ಜಾಗ ಬೇಕು,
ಲೋಕಲಿನಲ್ಲಿ ಕರವಸ್ತ್ರ ಹಾಸಿ ಸೀಟು ಹಿಡಿದ ಹಾಗೆ.
ಬಾಳೆಹಣ್ಣನ್ನು ಭಾಂಡುಪಿನ ಬೆಂಚಿನ ಮೇಲಿಟ್ಟೆ.
ಗಡಿಯಾರ ಘಾಟ್ಕೋಪರಿಗೆ ತೂಗುಹಾಕಿದೆ.
ಮೂರನೆಯದು,
ಪೂಲ್ ಅಂದರೋ, ಫೂಲ್ ಅಂದರೋ?
ಸೇತುವೆಯೋ, ಹೂವೋ?
ನನ್ನ ಎಡಗಿವಿ ಈಚೆಗೆ
ಅಲ್ಪಪ್ರಾಣ ಮಹಾಪ್ರಾಣ ನೋಡುವುದಿಲ್ಲ.
ದಾದರಿನಲ್ಲಿ ಎರಡೂ ಇವೆ, ಒಂದರ ಕೆಳಗೊಂದು.
ಇರಲಿ ಎಂದು ಎರಡನ್ನೂ ಇಟ್ಟುಕೊಂಡೆ.

ಇವತ್ತು ಯಾವ ವಾರ, ಹೇಳಿದೆ.
ಹನ್ನೊಂದು ಹತ್ತರ ಮುಳ್ಳು ಬಿಡಿಸಿದೆ.
ಅಷ್ಟರಲ್ಲಿ ಡಾಕ್ಟರಿಗೆ ಫೋನು,
ಮಗಳು ಶಾಲೆಯಲ್ಲಿ ಛತ್ರಿ ಮರೆತ ಮಾತು.
ಚೀಟಿ ಹರಿದು ಕೊಟ್ಟರು: ನಡೆಯಿರಿ, ನಿದ್ದೆ ಮಾಡಿ,
ಜನರ ಜೊತೆ ಬೆರೆಯಿರಿ, ಹೊಸತೇನಾದರೂ ಕಲಿಯಿರಿ.
ಮುಂದಿನವರನ್ನು ಕಳಿಸಿ.

ಕೇಳಲೇ ಇಲ್ಲ.

ಬಾಗಿಲಲ್ಲಿ ನಿಂತು ನೆನಪಿಸೋಣವೆಂದುಕೊಂಡೆ.
ಬೇಡ, ಇನ್ನೂ ಹುಡುಗ, ಹೆದರಿಯಾನು.

ಮರೆಯುವುದೇನು ನಿಂತಿಲ್ಲ.
ಕುಕ್ಕರು ಎಷ್ಟು ಸಲ ಕೂಗಿತು, ಕೆಳಮನೆ ಸೊಸೆಯ ಹೆಸರು,
ಸತ್ತ ಫಿಲೊಮಿನಾಳ ನಂಬರಿನ ಕೊನೆಯ ಅಂಕಿ.
ಮೊನ್ನೆ ಇಡೀ ವಿಕ್ರೋಳಿಯೇ ಬಿದ್ದುಹೋಗಿತ್ತು,
ಹಳಿ ಹಿಡಿದು ಹಿಂದಕ್ಕೆ ನಡೆದು
ಕಾಂಜೂರಿನ ಹತ್ತಿರ ಹುಡುಕಿ ತಂದೆ.

ಗುರುವಾರ ದಾದರಿಗೆ ಹೋಗುತ್ತೇನೆ.
ಹೂವಾಡಗಿತ್ತಿ ರಖಮಾ ಗಜರಾ ಕಟ್ಟಲು ಕಲಿಸುತ್ತಾಳೆ;
ನನ್ನ ಗಂಟು ಬಿಚ್ಚಿಹೋದರೆ ಬೈಯುತ್ತಾಳೆ,
ಅಂದ ಚಂದ ಆಮೇಲೆ, ಮೊದಲು ದಾರ ಬಿಗಿ ಹಿಡಿ ಎಂದು.
ನಮ್ಮ ತಲೆಯ ಮೇಲೆ ಸೇತುವೆ ಗಡಗಡ ಅನ್ನುತ್ತದೆ.

ಮರಳುವಾಗ ಭಾಂಡುಪು ಬಂದೊಡನೆ
ಕಿಟಕಿಗೆ ಹಣೆ ಹಚ್ಚುತ್ತೇನೆ:
ಬೆಂಚಿನ ಮೇಲೆ ಬಾಳೆಹಣ್ಣು ಹಾಗೆಯೇ ಇದೆ.
ಹದಿನಾಲ್ಕು ತಿಂಗಳಾಯಿತು,
ಇನ್ನೂ ಕಪ್ಪಾಗಿಲ್ಲ.